ಕೊಯ್ಲಿನ ಕಾಲಕ್ಕೇ ಬರುವ ಜ್ವರ

ಮಂಗನ ಕಾಯಿಲೆ ಅಂದರೆ ಕಾಡಿನ ಉಣುಗು (ರಕ್ತ ಹೀರುವ ಉಣ್ಣೆ ಹುಳ) ಕಚ್ಚಿ ಮಂಗಕ್ಕೂ ಮನುಷ್ಯರಿಗೂ ಬರುವ ಜ್ವರ. ಅದರ ಸುದ್ದಿ ಪತ್ರಿಕೆಯಲ್ಲಿ ಪ್ರತಿವರ್ಷ ಒಂದೇ ಅಚ್ಚಿನಲ್ಲಿ ಬರುತ್ತದೆ. ಇಷ್ಟು ಜನರಿಗೆ ಸೋಂಕು, ಇಷ್ಟು ಸಾವು, ಜಿಲ್ಲಾಧಿಕಾರಿಗಳ ಸಭೆ, ಕಾಡಿಗೆ ಹೋಗಬೇಡಿ ಎಂಬ ಸೂಚನೆ. ಮೇ ತಿಂಗಳು ಕಳೆದು ಮಳೆ ಹಿಡಿದರೆ ಸುದ್ದಿಯೂ ನಿಂತಿತು. ಜ್ವರ ಬಂದ ಮನೆಯ ಅಡಿಕೆ ಆ ವರ್ಷ ಏನಾಯಿತು, ಕೊಟ್ಟಿಗೆಗೆ ದರಕು (ಒಣಗಿ ಉದುರಿದ ಎಲೆ) ತಂದವರು ಯಾರು, ಸಂಘದ ಸಾಲದ ಕಂತು ಕಟ್ಟಿದ್ದು ಹೇಗೆ, ಇವೆಲ್ಲ ಸುದ್ದಿಯ ಒಳಗೆ ಬರುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವನಾದ ನನಗೆ ಈ ಕಾಯಿಲೆ ಅಂದರೆ ಮೊದಲು ನೆನಪಾಗುವುದು ಇಂಥ ಲೆಕ್ಕಗಳೇ. ವೈರಸ್ ಬಗ್ಗೆ ಓದಿಕೊಂಡಿದ್ದು ಆಮೇಲೆ.

ಇವತ್ತು ನಮಗೆ ಹಳೇ ಕಾಯಿಲೆ. ಆದರೆ 1957ರಲ್ಲಿ ಇದು ಇಡೀ ಜಗತ್ತಿಗೇ ಹೊಸದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಕೆಂಪು ಮೋರೆಯ ಮಂಗ, ಕರಿ ಮೋರೆಯ ಮುಸಿಯ, ಎರಡೂ. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ಜನ ವಿಪರೀತ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಸುದ್ದಿ ಮುಟ್ಟಿದಾಗ ಅಲ್ಲಿನವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರ ಬರುವ ಮೊದಲು ಹೀಗೇ ಕಾಡಿನಲ್ಲಿ ಮಂಗಗಳು ಸಾಯುತ್ತವೆ. ಏಷ್ಯಾದಲ್ಲಿ ಆ ಜ್ವರ ಯಾವತ್ತೂ ಬಂದಿರಲಿಲ್ಲ. ಅದನ್ನು ಹರಡುವ ಸೊಳ್ಳೆ ಮಾತ್ರ ನಮ್ಮಲ್ಲಿ ಬೇಕಾದಷ್ಟಿತ್ತು. ಹಾಗಾಗಿ ಗಾಬರಿ ಸಣ್ಣದಾಗಿರಲಿಲ್ಲ.

ಆ ಕೇಂದ್ರದ ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಜೊತೆಯ ಭಾರತೀಯ ವಿಜ್ಞಾನಿಗಳು ಆ ಕಾಡಿಗೆ ಬಂದರು. ಸತ್ತ ಮಂಗದಿಂದ ವೈರಸ್ ಸಿಕ್ಕಿತು. ಅದು ಹಳದಿ ಜ್ವರದ್ದಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ನೆಂಟ. ಅಷ್ಟು ದೂರದ್ದು ಸೊರಬಕ್ಕೆ ಬಂದಿದ್ದು ಹೇಗೆ? ವಲಸೆ ಹಕ್ಕಿಗಳು ಹೊತ್ತು ತಂದಿರಬಹುದು ಅನ್ನುವ ಊಹೆಯೂ ಎದ್ದಿತು. ಪಕ್ಷಿವಿಜ್ಞಾನಿ ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಬಳೆ ತೊಡಿಸಿ ವಲಸೆ ಗಮನಿಸುವ ದೊಡ್ಡ ಯೋಜನೆಗೆ ವಿಶ್ವ ಆರೋಗ್ಯ ಸಂಸ್ಥೆಯ ದುಡ್ಡು ಬಂದಿದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ಹಕ್ಕಿಗಳ ಬಗ್ಗೆ ನಮಗೆ ಎಷ್ಟೋ ಗೊತ್ತಾಯಿತು. ಜ್ವರ ಮಾತ್ರ ಇಲ್ಲೇ ಉಳಿಯಿತು.

1957ರಲ್ಲಿ 466 ಜನರಿಗೆ, ಮರುವರ್ಷ 181 ಜನರಿಗೆ ಕಾಯಿಲೆ ಬಂದಿದ್ದು ದಾಖಲೆಯಲ್ಲಿದೆ. ಅಂದಿನಿಂದ ಇಂದಿನವರೆಗೆ ಕೆಲವು ವರ್ಷ ಜಾಸ್ತಿ, ಕೆಲವು ವರ್ಷ ಕಡಿಮೆ, ಆದರೆ ಪೂರ್ತಿ ಹೋಗಿದ್ದಿಲ್ಲ.

ಈ ಜ್ವರದ ಲೆಕ್ಕ ತಿಳಿಯಬೇಕಾದರೆ ಉಣುಗಿನ ಬದುಕು ಸ್ವಲ್ಪ ಗೊತ್ತಿರಬೇಕು. ದೊಡ್ಡ ಉಣುಗು ಮಳೆಗಾಲದಲ್ಲಿ ದನ-ಎಮ್ಮೆಗಳ ಮೈಮೇಲೆ ಕೂತು ರಕ್ತ ಕುಡಿದು, ಕೆಳಗೆ ಬಿದ್ದು, ಎಲೆಗಳ ನಡುವೆ ಮೊಟ್ಟೆ ಇಡುತ್ತದೆ. ಮಳೆ ನಿಂತ ಮೇಲೆ ಮರಿಗಳು ಹೊರಬರುತ್ತವೆ. ಅವು ಇಲಿ, ಹಕ್ಕಿ, ಮಂಗ, ಸಿಕ್ಕಿದ್ದರ ಮೇಲೆ ಕೂರುತ್ತವೆ. ಒಂದು ಪೊರೆ ಕಳಚಿ ನವೆಂಬರ್ ಹೊತ್ತಿಗೆ ಎಳೇ ಉಣುಗುಗಳಾಗುತ್ತವೆ. ಮನುಷ್ಯರಿಗೆ ಕಚ್ಚಿ ಕಾಯಿಲೆ ತರುವುದು ಮುಖ್ಯವಾಗಿ ಇವೇ. ಸಾಸಿವೆ ಕಾಳಿಗಿಂತ ಸಣ್ಣವು. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಇವುಗಳ ಕಾಲ. ಜನವರಿಯಿಂದ ಮಾರ್ಚ್‌ವರೆಗೆ ಹಾವಳಿ ಜಾಸ್ತಿ. ಮಂಗ ಸತ್ತು ಬಿದ್ದರೆ ಅದರ ಮೈಮೇಲಿದ್ದ ಉಣುಗೆಲ್ಲ ಇಳಿದು ಅದೇ ಜಾಗದಲ್ಲಿ ಹರಡಿಕೊಳ್ಳುತ್ತದೆ. ಆ ಜಾಗದಲ್ಲಿ ಓಡಾಡಿದವರಿಗೆ ಅಪಾಯ. ಒಬ್ಬರಿಂದ ಒಬ್ಬರಿಗೆ ಇದು ಹರಡುವುದಿಲ್ಲ.

ಈಗ ನಮ್ಮ ಕಡೆಯ ಕೆಲಸದ ಕ್ಯಾಲೆಂಡರ್ ನೋಡಿ. ಅಡಿಕೆ ಕೊಯ್ಲು ನವೆಂಬರ್‌ನಿಂದ ಫೆಬ್ರವರಿ ತನಕ. ಕೊಯ್ದಿದ್ದನ್ನು ಸುಲಿಯಬೇಕು, ಬೇಯಿಸಬೇಕು, ಅಟ್ಟದ ಮೇಲೆ ಒಣಗಿಸಬೇಕು. ಬೇಯಿಸುವುದಕ್ಕೆ ಕಟ್ಟಿಗೆ ಬೇಕು. ಎಲೆ ಉದುರುವುದು ಜನವರಿ ನಂತರ, ಆಗಲೇ ಸೊಪ್ಪಿನಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು, ದರಕು ಒದಗಿಸುವ ಕಾಡು) ದರಕು ಗುಡಿಸಿ ಹಗ್ಗದ ಬಲೆಯ ಕಲ್ಲಿ ತುಂಬಿ ತರಬೇಕು. ಮಳೆಗಾಲದ ಕಟ್ಟಿಗೆ ಕೂಡ ಆಗಲೇ ಕೂಡಿಡಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಗೇರು. ವರ್ಷದ ದುಡ್ಡು ಮನೆಗೆ ಬರುವುದೂ, ವರ್ಷಕ್ಕೆ ಬೇಕಾದ್ದನ್ನು ಕಾಡಿನಿಂದ ಕೂಡಿಡುವುದೂ ಉಣುಗು ಎದ್ದು ಕೂತ ತಿಂಗಳುಗಳಲ್ಲೇ. ಆಗಸ್ಟ್‌ನಲ್ಲಿ ಈ ಜ್ವರ ಬರುತ್ತಿದ್ದರೆ ಮಲೆನಾಡಿನ ಬಡವರಿಗೆ ಅರ್ಧ ಹೊರೆ ಇಳಿಯುತ್ತಿತ್ತು. ಮಳೆಯಲ್ಲಿ ಹೇಗೂ ಮನೆಯಲ್ಲೇ ಕೂರುವ ಕಾಲ.

ಪಂಚಾಯ್ತಿಯ ಆಟೋ ಮೈಕಿನಲ್ಲಿ ‘ಕಾಡಿಗೆ ಹೋಗಬೇಡಿ’ ಎಂದು ಕೂಗಿಕೊಂಡು ಹೋಗುತ್ತದೆ. ಒಳ್ಳೇ ಮಾತೇ. ಆದರೆ ನಮ್ಮಲ್ಲಿ ಕಾಡು ಎಲ್ಲಿ ಮುಗಿಯುತ್ತದೆ, ತೋಟ ಎಲ್ಲಿ ಶುರುವಾಗುತ್ತದೆ ಅಂತ ಗೆರೆ ಹಾಕಿದವರಿಲ್ಲ. ಎಷ್ಟೋ ಮನೆಗಳ ಹಿತ್ತಲಿನ ಬೇಲಿ ದಾಟಿದರೆ ಬೆಟ್ಟ. ಮಂಗಗಳು ಈಗ ಬೆಟ್ಟದಲ್ಲೂ ಇರುವುದಿಲ್ಲ, ಬಾಳೆಗೊನೆ ಹುಡುಕಿಕೊಂಡು ಅಂಗಳಕ್ಕೇ ಬರುತ್ತವೆ. ಕಾಡಿಗೆ ಹೋಗದೆ ಮನೆಯಲ್ಲಿ ಕೂತವರ ಹತ್ತಿರಕ್ಕೆ ಕಾಡೇ ಬಂದಂತಾಗಿದೆ.

ಚಿಕ್ಕಪ್ಪನ ತೋಟಕ್ಕೆ ಒಬ್ಬ ಕೊನೆಗಾರ, ಅಂದರೆ ಅಡಿಕೆ ಗೊನೆ ಕೊಯ್ಯುವವ, ಬರುತ್ತಿದ್ದ. ನೆಲದಲ್ಲೇ ನಿಂತು ಕೊಯ್ಯುವ ಫೈಬರ್ ದೋಟಿ ಇನ್ನೂ ನಮ್ಮೂರಿಗೆ ಬಂದಿರದ ಕಾಲ. ಅಡಿಕೆ ಮರ ಹತ್ತಿ ತುದಿಯಲ್ಲಿ ಕೂತು, ಕೊನೆ ಕತ್ತರಿಸಿ, ಹಗ್ಗದ ಮೇಲೆ ಜಾರಿಸಿ ಬಿಡುತ್ತಿದ್ದ. ಕೆಳಗೆ ಒಬ್ಬರು ಹಗ್ಗ ಹಿಡಿದು ನಿಲ್ಲಬೇಕು. ಒಂದು ಮರದ ಕೆಲಸ ಮುಗಿದರೆ ಇಳಿಯುವುದಿಲ್ಲ. ಮರವನ್ನು ತೂಗಿ ಬಗ್ಗಿಸಿ ಪಕ್ಕದ ಮರದ ತುದಿ ಹಿಡಿದು ದಾಟಿಕೊಳ್ಳುತ್ತಾನೆ. ನೋಡುತ್ತಾ ನಿಂತರೆ ನಮ್ಮ ಕಾಲು ನಡುಗುತ್ತಿತ್ತು. ಇಂಥವರು ಊರಿಗೆ ಒಬ್ಬರೋ ಇಬ್ಬರೋ. ಹತ್ತಾರು ಮನೆಗಳ ತೋಟ ಅವರ ಕೈಯಲ್ಲಿ. ಮಳೆಗಾಲದಲ್ಲೇ ಎಲ್ಲ ಮನೆಯಿಂದಲೂ ಮುಂಗಡ ತಗೊಂಡು ಖರ್ಚು ಮಾಡಿರುತ್ತಾರೆ.

ಒಂದು ವರ್ಷ ಜನವರಿಯಲ್ಲಿ ಅವನಿಗೆ ಜ್ವರ ಬಂತು. ಈ ಕಾಯಿಲೆ ಮೆಲ್ಲಗೆ ಏರುವುದಿಲ್ಲ. ಉಣುಗು ಕಚ್ಚಿ ಮೂರರಿಂದ ಎಂಟು ದಿನಕ್ಕೆ ಒಮ್ಮೆಲೇ ಚಳಿ, ಸುಡುವ ಜ್ವರ, ತಲೆ ಸೀಳುವಷ್ಟು ನೋವು. ಸೊಂಟ, ಮೀನಖಂಡ ಹಿಡಿದುಕೊಂಡುಬಿಡುತ್ತದೆ. ಕಣ್ಣು ಕೆಂಪು, ವಾಂತಿ. ಕೆಲವರಿಗೆ ಮೂಗಿನಲ್ಲಿ, ವಸಡಿನಲ್ಲಿ ರಕ್ತ. ರಕ್ತದ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್, ಬಿಳಿ ರಕ್ತಕಣ ಎರಡೂ ಇಳಿದಿರುತ್ತವೆ. ಡೆಂಗಿಯೋ ಇದೋ ಅನ್ನುವ ಗೊಂದಲ ಅಲ್ಲೇ ಶುರು. ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ಜ್ವರ ಬಿಡುತ್ತದೆ. ನೂರಕ್ಕೆ ಹತ್ತಿಪ್ಪತ್ತು ಜನರಿಗೆ ಮಾತ್ರ ಒಂದು ವಾರ ಬಿಟ್ಟು ಮತ್ತೆ ತಿರುಗಿ ಬರುತ್ತದೆ. ಎರಡನೇ ಸಲ ಬಂದಾಗ ಮಿದುಳಿಗೆ ತಾಗುತ್ತದೆ. ಕೈ ನಡುಕ, ತಲೆಸುತ್ತು, ಕಣ್ಣು ಮಂಜು, ಕೆಲವರಿಗೆ ಬುದ್ಧಿಭ್ರಮಣೆ. ಇದಕ್ಕೆಂದೇ ಇರುವ ಔಷಧಿ ಇಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್, ಗ್ಲೂಕೋಸ್, ರಕ್ತಸ್ರಾವವಾದರೆ ರಕ್ತ ಕೊಡುವುದು, ದಾದಿಯರ ಆರೈಕೆ. ಬೇಗ ಆಸ್ಪತ್ರೆಗೆ ಸೇರಿದರೆ ಉಳಿಯುವ ಸಾಧ್ಯತೆ ಜಾಸ್ತಿ.

ಅವನು ಉಳಿದ. ಸಾಯುವವರು ನೂರಕ್ಕೆ ಮೂರರಿಂದ ಐದು ಜನ, ಮಿಕ್ಕವರು ‘ಗುಣಮುಖ’ ಎಂಬ ಕಲಮಿಗೆ ಸೇರುತ್ತಾರೆ. ಅವನೂ ಅಲ್ಲಿಗೆ ಸೇರಿದ. ಆದರೆ ಫೆಬ್ರವರಿಯ ಕೊನೆಗೆ ಚಿಕ್ಕಪ್ಪನ ಮನೆ ಜಗುಲಿಯಲ್ಲಿ ಕೂತು ಅವನು ಹೇಳಿದ್ದು ಇದು: “ನೆಲದ ಮೇಲೆ ಅಡ್ಡಿಲ್ಲ ಹೆಗಡೇರೇ. ಮರ ಅಪ್ಪಿ ಹಿಡಿದ್ರೆ ಕೈ ನಡುಗ್ತದೆ. ಹತ್ತಿದ್ರೆ ನಾ ಇಳಿಯೂದಿಲ್ಲ, ಬೀಳೂದೇ.”

ಅಡಿಕೆ ಮರ ಹತ್ತುವವನಿಗೆ ಕೈ ನಡುಗುವುದು ಅಂದರೆ ಏನು ಅಂತ ವಿವರಿಸಬೇಕಿಲ್ಲ ಅಲ್ವಾ. ಆ ವರ್ಷ ಅವನು ಮರ ಹತ್ತಲಿಲ್ಲ. ಬೇರೆ ಕೊನೆಗಾರ ಸಿಗುವ ಹೊತ್ತಿಗೆ ಚಿಕ್ಕಪ್ಪನ ತೋಟದಲ್ಲಿ ಮುಕ್ಕಾಲು ಪಾಲು ಕೊನೆ ಹಣ್ಣಾಗಿತ್ತು. ಬೇಯಿಸಿ ಕೆಂಪಡಿಕೆ ಮಾಡಬೇಕಾದರೆ ಹಸಿರು ಇರುವಾಗಲೇ ಕೊಯ್ಯಬೇಕು. ಹಣ್ಣಾಗಿದ್ದಕ್ಕೆ ಮಂಡಿಯಲ್ಲಿ ಆ ದರ ಇಲ್ಲ. ಚಿಕ್ಕಪ್ಪನಿಗೆ ನಷ್ಟವಾಗಿದ್ದು ನಿಜ, ಆದರೆ ಊಟಕ್ಕೆ ತೊಂದರೆಯಾಗಲಿಲ್ಲ. ಕೊನೆಗಾರನ ಮನೆಯ ಲೆಕ್ಕವೇ ಬೇರೆ. ಅವನ ಕೂಲಿ ಹೋಯಿತು. ಗಂಡನನ್ನು ನೋಡಿಕೊಳ್ಳಲು ಆಸ್ಪತ್ರೆಯಲ್ಲಿ ಕೂತ ಹೆಂಡತಿ ಅಡಿಕೆ ಸುಲಿಯುವುದಕ್ಕೆ ಹೋಗಲಿಲ್ಲ, ಆ ದುಡ್ಡೂ ಇಲ್ಲ. ಸುಲಿಯುವ ಕೂಲಿ ರಾತ್ರಿ ಹೊತ್ತು ಹೆಂಗಸರು ಕೂಡಿಸುವ ದುಡ್ಡು, ಮಕ್ಕಳ ಬಟ್ಟೆ, ಜಾತ್ರೆ, ಶಾಲೆ ಎಲ್ಲ ಅದರಲ್ಲೇ. ಹತ್ತಾರು ಮನೆಗಳಲ್ಲಿ ತಗೊಂಡ ಮುಂಗಡ ಹಾಗೇ ಸಾಲವಾಗಿ ನಿಂತಿತು. ಮುಂದಿನ ಎರಡು ಕೊಯ್ಲು ಅದನ್ನು ತೀರಿಸುವುದಕ್ಕೇ ಹೋಯಿತು. ಜಿಲ್ಲೆಯ ಪಟ್ಟಿಯಲ್ಲಿ ಇವನು ಒಂದು ‘ಪಾಸಿಟಿವ್’, ಒಂದು ‘ಡಿಸ್ಚಾರ್ಜ್’. ಅಷ್ಟೇ.

ಮಲೆನಾಡಿನಲ್ಲಿ, ಕರಾವಳಿಯ ಅಂಚಿನಲ್ಲಿ ಸರಾಸರಿ ವರ್ಷಕ್ಕೆ ನಾಲ್ಕೈದು ನೂರು ಜನರಿಗೆ ಈ ಕಾಯಿಲೆ ಬರುತ್ತದೆ ಎನ್ನುತ್ತಾರೆ. ದೇಶದ ಲೆಕ್ಕದಲ್ಲಿ ಇದು ಏನೇನೂ ಅಲ್ಲ. ಆದರೆ ಆ ನಾಲ್ಕೈದು ನೂರು ಜನ ರಾಜ್ಯದ ಉದ್ದಗಲಕ್ಕೆ ಹಂಚಿಹೋಗಿರುವುದಿಲ್ಲ. ಒಂದೇ ವರ್ಷ ಒಂದೆರಡು ಪಂಚಾಯ್ತಿಗಳ ಮೇಲೆ ಬಂದು ಎರಗುತ್ತದೆ. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಆಗಿದ್ದು ಅದೇ. ಮಂಗಗಳು ಸಾಯತೊಡಗಿದವು, ಹಿಂದೆಯೇ ಜನ. ಒಂದೊಂದೇ ಮನೆಯಲ್ಲಿ ಇಬ್ಬರು, ಮೂವರು ಮಲಗಿದರು. ಊರು ಬಿಟ್ಟು ನೆಂಟರ ಮನೆ ಸೇರಿದವರೂ ಇದ್ದರು. ಜ್ವರ ಜೋರಾದವರನ್ನು ಘಟ್ಟ ಇಳಿಸಿ ಮಣಿಪಾಲಕ್ಕೆ ಸಾಗಿಸಬೇಕಾಯಿತು. ಚಿಕಿತ್ಸೆಯ ಖರ್ಚನ್ನು ಸರ್ಕಾರ ಭರಿಸುವ ಮಾತು ಬಂತು, ಅದು ದೊಡ್ಡ ಉಪಕಾರವೇ. ಆದರೆ ಜೊತೆಗೆ ಹೋದವರ ಊಟ, ಓಡಾಟದ ಬಾಡಿಗೆ, ಹಾಲು ಕರೆಯಲು ಮನೆಯಲ್ಲಿ ಯಾರೂ ಇಲ್ಲವೆಂದು ಅಗ್ಗಕ್ಕೆ ಮಾರಿದ ಎಮ್ಮೆ, ಇದಕ್ಕೆಲ್ಲ ಬಿಲ್ಲು ಬರೆಯುವವರು ಯಾರು?

ಭಯಕ್ಕೂ ಒಂದು ಬೆಲೆ ಇದೆ. ಕಾಯಿಲೆ ಬಂದ ಊರಿಗೆ ಹೊರಗಿನ ಕೆಲಸದವರು ಬರುವುದಿಲ್ಲ. ಮನುಷ್ಯರಿಂದ ಹರಡದ ಕಾಯಿಲೆ ಅಂತ ಎಷ್ಟು ಹೇಳಿದರೂ ಮದುವೆ ಮನೆಯಲ್ಲಿ ಆ ಊರಿನವರ ಪಕ್ಕ ಕೂರಲು ಹಿಂದೆಮುಂದೆ ನೋಡುತ್ತಾರೆ. ಹಾಗಾಗಿ ತೋಟದಲ್ಲಿ ಮಂಗ ಸತ್ತು ಬಿದ್ದರೂ ಕೆಲವರು ಸುಮ್ನೆ ಇದ್ದುಬಿಡುತ್ತಾರೆ. ಹೇಳಿದರೆ ಪಶುವೈದ್ಯರು ಬರುತ್ತಾರೆ, ಮರಣೋತ್ತರ ಪರೀಕ್ಷೆ, ಮಂಗವನ್ನು ಸುಡುವುದು, ಸುತ್ತ ಐವತ್ತು ಅಡಿ ಮೆಲಾಥಿಯಾನ್ ಪುಡಿ. ಮರುದಿನ ಪತ್ರಿಕೆಯಲ್ಲಿ ಊರಿನ ಹೆಸರು. ಆಮೇಲೆ ಕೊಯ್ಲಿಗೆ ಜನ ಸಿಕ್ಕರೆ ಪುಣ್ಯ. ಮುಚ್ಚಿಟ್ಟರೆ ಅಪಾಯ ಅಂತ ಅವರಿಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಚೆನ್ನಾಗಿ ಗೊತ್ತು. ಎರಡು ಅಪಾಯದಲ್ಲಿ ಯಾವುದು ಮೊದಲು ಹೊಟ್ಟೆಗೆ ತಾಗುತ್ತದೆ ಅನ್ನುವುದೂ ಗೊತ್ತು. ಸತ್ತ ಮಂಗದ ಸುದ್ದಿ ಕೊಟ್ಟ ಊರಿಗೆ ಆ ಕೊಯ್ಲಿನ ಮಟ್ಟಿಗೆ ಕೂಲಿಯ ಏನಾದರೂ ವ್ಯವಸ್ಥೆ ಆಗಬೇಕು ಎಂಬುದು ನನ್ನ ಬಹುದಿನದ ಹಟ. ಯಾವ ಸಭೆಯಲ್ಲೂ ಯಾರೂ ಕೇಳಿಸಿಕೊಂಡಿಲ್ಲ, ಬಿಡಿ.

ಇರುವ ಉಪಾಯ ಎಣ್ಣೆಯದು. ಮೊದಲು ಡಿಎಂಪಿ ಎಣ್ಣೆ ಕೊಡುತ್ತಿದ್ದರು, ಈಗ ಡೆಪಾ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಾಟಲಿ ತಂದು ಕೊಡುತ್ತಾರೆ. ಕೈಕಾಲಿಗೆ ಹಚ್ಚಿಕೊಂಡು ಹೊರಟರೆ ಕೆಲವು ಗಂಟೆ ಉಣುಗು ಹತ್ತಿರ ಬರುವುದಿಲ್ಲ. ದರಕು ಗುಡಿಸುವ ಕೆಲಸ ಒಂದು ಸಲ ಮಾಡಿ ನೋಡಿದರೆ ತಿಳಿಯುತ್ತದೆ. ಬೆವರು ಸುರಿಯುತ್ತದೆ, ಧೂಳು ಮೆತ್ತಿಕೊಳ್ಳುತ್ತದೆ, ಹನ್ನೊಂದು ಗಂಟೆಗೆಲ್ಲ ಎಣ್ಣೆ ಇಳಿದು ಹೋಗಿರುತ್ತದೆ. ಇನ್ನೊಂದು ಸಲ ಹಚ್ಚಿಕೊಳ್ಳಲು ಬಾಟಲಿ ಮನೆಯಲ್ಲಿ. ಉದ್ದ ತೋಳಿನ ಅಂಗಿ, ಪ್ಯಾಂಟು ಕಾಲುಚೀಲದೊಳಗೆ ಸಿಕ್ಕಿಸುವುದು, ಇವೆಲ್ಲ ಪೋಸ್ಟರಿನಲ್ಲಿ ಚಂದ. ಸೀರೆ ಉಟ್ಟು ದರಕು ತರುವ ಹೆಂಗಸಿನ ಚಿತ್ರ ಇರುವ ಪೋಸ್ಟರ್ ನಾನು ನೋಡಿಲ್ಲ. ದರಕು ಗುಡಿಸುವವರು ಹೆಚ್ಚಾಗಿ ಹೆಂಗಸರೇ. ಸಂಜೆ ಬಂದ ಮೇಲೆ ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿ, ಬಚ್ಚಲ ಒಲೆಯ ಬೆಳಕಿನಲ್ಲಿ ಮೈ ತಡವಿ ನೋಡಿಕೊಳ್ಳಬೇಕು. ಮೊಣಕಾಲ ಹಿಂದೆ, ಕಂಕುಳಲ್ಲಿ, ಸೊಂಟದ ದಾರದ ಕೆಳಗೆ. ಅಮ್ಮ ಇದನ್ನು ಎಷ್ಟು ಚುರುಕಾಗಿ ಮಾಡುತ್ತಿದ್ದಳೆಂದರೆ, ನಮಗೆ ಅದು ಸ್ನಾನದ್ದೇ ಒಂದು ಭಾಗ ಅನ್ನಿಸುತ್ತಿತ್ತು.

ದರಕು ತರದೆ ಇರಬಹುದಲ್ಲ ಎಂದು ಪೇಟೆಯ ಗೆಳೆಯರು ಕೇಳುತ್ತಾರೆ. ದರಕು ಇಲ್ಲದಿದ್ದರೆ ಕೊಟ್ಟಿಗೆಗೆ ಹಾಸು ಇಲ್ಲ, ಹಾಸು ಇಲ್ಲದಿದ್ದರೆ ಗೊಬ್ಬರ ಇಲ್ಲ, ಗೊಬ್ಬರ ಇಲ್ಲದಿದ್ದರೆ ತೋಟ ಬಡವಾಗುತ್ತದೆ. ದುಡ್ಡಿದ್ದವರು ಗೊಬ್ಬರ ಕೊಳ್ಳುತ್ತಾರೆ. ಈಗೀಗ ಅವರು ದನವನ್ನೂ ಕಡಿಮೆ ಮಾಡಿದ್ದಾರೆ. ಒಂದೆರಡು ದನ, ಅರ್ಧ ಎಕರೆ ತೋಟ, ಬಾಕಿ ಕೂಲಿ ಎಂದು ಬದುಕುವವರಿಗೆ ಬೆಟ್ಟಕ್ಕೆ ಹೋಗದೆ ವಿಧಿಯಿಲ್ಲ.

ಕಾಯಿಲೆ ದುಡಿಮೆ ಕೆಡಿಸುತ್ತದೆ, ಸರಿ. ದುಡ್ಡಿನ ಲೆಕ್ಕಾಚಾರವೇ ಕಾಯಿಲೆಯನ್ನು ಎಬ್ಬಿಸಿದ್ದೂ ಇದೆ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಪಿಗಾಗಿ ದೊಡ್ಡ ಕಾಡನ್ನು ಕಡಿದರು. ಅದರ ಬೆನ್ನಿಗೇ ಅಲ್ಲಿ ಜ್ವರ ಎದ್ದಿತು. ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಅಲ್ಲಿಯ ತನಕ ಆ ಭಾಗದಲ್ಲಿ ಈ ಕಾಯಿಲೆಯ ಹೆಸರೇ ಇರಲಿಲ್ಲ. ಕೊಲಂಬಿಯಾದ ವಿಜ್ಞಾನಿ ಹೋರ್ಹೆ ಬೊಷೆಲ್ 1969ರಲ್ಲೇ ಬರೆದಿದ್ದರು: ಕಾಡು ಕಡಿದು, ದನ ಮೇಯಿಸಿ, ಊರು ಬೆಳೆದು ಕಾಡಿನ ಅಂಚು ಕದಡಿದ್ದೇ ಈ ವೈರಸ್ ಮನುಷ್ಯರ ತನಕ ಬರಲು ದಾರಿ ಮಾಡಿತು ಎಂದು. ಆಮೇಲಿನ ಊರುಗಳ ಪಟ್ಟಿ ನೋಡಿದರೆ ಅವರ ಮಾತು ತೆಗೆದುಹಾಕುವಂತಿಲ್ಲ. 2012ರ ನಂತರ ಬಂಡೀಪುರ, ನೀಲಗಿರಿ, ವಯನಾಡು. 2015ರಲ್ಲಿ ಗೋವಾದ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ದೋಡಾಮಾರ್ಗ. ಕೊನೆಯ ಎರಡು ಕಡೆ ಜ್ವರ ಬಂದವರಲ್ಲಿ ಗೇರುಬೀಜ ಆರಿಸುವ ಕೂಲಿಯವರು ಬಹಳ. ಐವತ್ತೈದು ವರ್ಷ ಐದು ಜಿಲ್ಲೆಗಳ ಕಾಯಿಲೆಯಾಗಿದ್ದದ್ದು ಈಗ ಪಶ್ಚಿಮ ಘಟ್ಟದ ಉದ್ದಕ್ಕೂ ಇದೆ.

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂದಾಗ ನಮ್ಮಲ್ಲಿ ಮಂಗನ ಕಾಯಿಲೆಯ ಕಾಲ ಇನ್ನೂ ಮುಗಿದಿರಲಿಲ್ಲ. ಜ್ವರ ಅಂದರೆ ಯಾವ ಜ್ವರ ಎಂದು ಕೇಳುವ ಪರಿಸ್ಥಿತಿ. ಹೊರಗಿನವರು ಆಗ ಮೊದಲ ಸಲ ಕಂಡ ಎಷ್ಟೋ ಸಂಗತಿ ನಮ್ಮ ಕಡೆಯವರಿಗೆ ಹಳೆಯದು: ಮಾದರಿ ಪುಣೆಗೆ ಹೋಗಿ ಫಲಿತಾಂಶ ಬರುವ ತನಕ ಕಾಯುವುದು, ಪಟ್ಟಿಯಲ್ಲಿ ಊರ ಹೆಸರು ಬರುವುದು, ಕೆಲಸ ನಿಲ್ಲುವುದು. ಹೊಸದು ಒಂದೇ. ಕೊರೊನಾ ವೈರಸ್ ಕಂಡ ವರ್ಷದೊಳಗೇ ಅದಕ್ಕೆ ಲಸಿಕೆ ಬಂತು.

ಮಂಗನ ಕಾಯಿಲೆಯ ಲಸಿಕೆಯ ಕಥೆ ಉದ್ದ. ಮೊದಲು ರಷ್ಯಾದ ಮಿದುಳು ಜ್ವರಕ್ಕಾಗಿ ಇದ್ದ ಲಸಿಕೆಯನ್ನೇ ಕೊಟ್ಟು ನೋಡಿದರು, ಪ್ರಯೋಜನವಾಗಲಿಲ್ಲ. ಆಮೇಲೆ ಕೋಳಿ ಭ್ರೂಣದ ಜೀವಕೋಶದಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು ಮಾಡಿದ ಲಸಿಕೆ 1990ರಿಂದ ಬಳಕೆಗೆ ಬಂತು. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಲ್ಲಿ ಅದು ತಯಾರಾಗುತ್ತಿತ್ತು. ಏಳರಿಂದ ಅರವತ್ತೈದು ವರ್ಷದವರಿಗೆ, ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್. ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್. ಮತ್ತೆ ಪ್ರತಿವರ್ಷ. ಚುಚ್ಚಿದ ಕೈ ಉರಿದು ಊದಿಕೊಳ್ಳುತ್ತಿತ್ತು. ಮರುದಿನ ಕತ್ತಿ ಹಿಡಿಯಬೇಕಾದವರು ಎರಡನೇ ಡೋಸಿಗೆ ಬರುತ್ತಿರಲಿಲ್ಲ. ಇಲಾಖೆಯವರು ಇದನ್ನು ಜನರ ಅಸಡ್ಡೆ ಎಂದು ಬರೆದುಕೊಂಡರೆ ಅದು ಅರ್ಧ ಸತ್ಯ. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಎರಡು ಡೋಸಿನಿಂದ ಸಿಗುತ್ತಿದ್ದ ರಕ್ಷಣೆ ನೂರಕ್ಕೆ 62ರಷ್ಟು, ಬೂಸ್ಟರ್ ಸೇರಿದರೆ 83ರಷ್ಟು. ಅದೂ ಹಿಂದೆ ಕಾಯಿಲೆ ಕಂಡ ಊರುಗಳ ಸುತ್ತ ಮಾತ್ರ ಹಾಕುತ್ತಿದ್ದರು. ಹೊಸ ಊರಿಗೆ ಜ್ವರ ಕಾಲಿಟ್ಟಾಗ ಅಲ್ಲಿ ಯಾರ ಮೈಯಲ್ಲೂ ರಕ್ಷಣೆ ಇರುತ್ತಿರಲಿಲ್ಲ. ಕೊನೆಗೆ ಲಸಿಕೆಯ ಬಲವೇ ಸಾಲದು ಎಂದು 2022ರಲ್ಲಿ ನಿಲ್ಲಿಸಿದರು. ಆಮೇಲಿನ ಚಳಿಗಾಲಗಳು ಎಣ್ಣೆ ಬಾಟಲಿಯ ಮೇಲೆ ಕಳೆದಿವೆ.

ಹೊಸ ಲಸಿಕೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಕಂಪನಿಯೂ ಕೈ ಹಾಕಿವೆ. ಇದರಲ್ಲಿ ಯಾವ ಕಂಪನಿಗೂ ಲಾಭ ಇಲ್ಲ. ಕೊಳ್ಳುವವರು ಕೆಲವೇ ತಾಲ್ಲೂಕುಗಳ ಕೂಲಿಯವರು, ಅವರ ಪರವಾಗಿ ಸರ್ಕಾರ. ಹಾಗಾಗಿ ಸರ್ಕಾರವೇ ಬೆನ್ನಿಗೆ ನಿಲ್ಲದೆ ಇದು ಮುಂದೆ ಹೋಗುವುದಿಲ್ಲ. ಬಂದ ಮೇಲೆ ಹಾಕುವ ಕಾಲದ ಬಗ್ಗೆ ಮಾತ್ರ ಒಂದು ಮಾತು ಈಗಲೇ ಹೇಳಿಡುತ್ತೇನೆ. ಎಲ್ಲ ಡೋಸ್‌ಗಳನ್ನೂ ಮಳೆಗಾಲದಲ್ಲೇ, ದೀಪಾವಳಿಗೆ ಮೊದಲೇ ಹಾಕಿ ಮುಗಿಸಬೇಕು. ಆಗ ಜನ ಮನೆಯಲ್ಲಿರುತ್ತಾರೆ, ಕೈ ಊದಿದರೂ ಕೂಲಿ ಹೋಗುವುದಿಲ್ಲ. ಹಬ್ಬ ಕಳೆದರೆ ಕೊಯ್ಲು ಶುರು. ಆಮೇಲೆ ಆರೋಗ್ಯ ಕೇಂದ್ರದವರು ಲಸಿಕೆ ಡಬ್ಬಿ ಹಿಡಿದು ಬಂದರೆ ಮನೆ ಬಾಗಿಲಲ್ಲಿ ಸಿಗುವುದು ಮುದುಕರು ಮಾತ್ರ.